ಮನೆ ಬದಲಿಸುವ ಮುನ್ನ: ಸಪ್ರೆಸರ್, ಗಿಡ್ಡ ಬ್ಯಾರಲ್ ಕೋವಿ ಇರುವವರಿಗೆ ಅಮೆರಿಕದ ಯಾವ ರಾಜ್ಯ ಸರಿ?

ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿರುವ ಗೆಳೆಯರೊಬ್ಬರು ಕಳೆದ ತಿಂಗಳು ಫೋನ್ ಮಾಡಿದ್ದರು. ಊರು ವಿರಾಜಪೇಟೆ ಕಡೆ. ಗ್ರೀನ್ ಕಾರ್ಡ್ ಬಂದು ನಾಲ್ಕು ವರ್ಷವಾಗಿದೆ. ಕೈಯಲ್ಲಿ ಮೂರು ಕೆಲಸದ ಆಫರ್ ಇದ್ದವು. ಒಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಇನ್ನೊಂದು ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿ, ಮತ್ತೊಂದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಸಂಬಳ, ಮಕ್ಕಳ ಶಾಲೆ, ಮನೆ ಬೆಲೆ ಎಲ್ಲ ಲೆಕ್ಕ ಹಾಕಿ ಆಗಿತ್ತು. ಕೊನೆಗೆ ಕೇಳಿದರು: "ಸೇಫ್‌ನಲ್ಲಿ ಇರೋದನ್ನ ಏನ್ ಮಾಡ್ಲಿ? ಟ್ರಕ್‌ಗೆ ಹಾಕ್ಬಹುದಲ್ವಾ?"

ಸೇಫ್‌ನಲ್ಲಿ ಇದ್ದದ್ದು ಇಷ್ಟು. ಕಾಡುಹಂದಿ ಬೇಟೆಗೆಂದು ತಗೊಂಡ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ಒಂದು ಬೋಲ್ಟ್ ಆ್ಯಕ್ಷನ್ ರೈಫಲ್, ಅದಕ್ಕೆ ಸಪ್ರೆಸರ್ (ಬ್ಯಾರಲ್ ತುದಿಗೆ ಸಿಕ್ಕಿಸಿ ಸದ್ದು ಇಳಿಸುವ ಕೊಳವೆ). ಹತ್ತೂವರೆ ಇಂಚಿನ ಬ್ಯಾರಲ್ ಇರುವ ಒಂದು ಎಆರ್-15 (ಟ್ರಿಗರ್ ಒತ್ತಿದಾಗಲೆಲ್ಲ ಒಂದು ಗುಂಡು ಹಾರಿ ಮುಂದಿನದು ತಾನೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್). ತಲಾ 30 ಗುಂಡು ಹಿಡಿಯುವ ಆರು ಮ್ಯಾಗಜೀನ್. ಸಪ್ರೆಸರ್ ತಿರುಗಿಸಿ ಕೂರಿಸಲು ಬ್ಯಾರಲ್ ತುದಿಗೆ ಥ್ರೆಡ್ ಕೊರೆದ ಒಂದು ಪಿಸ್ತೂಲು. ಟೆಕ್ಸಸ್‌ನಲ್ಲಿ ಇವೆಲ್ಲ ಕಾಗದಪತ್ರದ ಸಮೇತ ಸರಿಯಾಗಿಯೇ ಇದ್ದವು. ಆದರೆ ಮೂರು ಆಫರ್‌ಗಳ ಮೂರು ರಾಜ್ಯಗಳಲ್ಲಿ ಇವೇ ವಸ್ತುಗಳಿಗೆ ಮೂರು ಬೇರೆ ಬೇರೆ ಉತ್ತರ ಇವೆ. ಒಂದು ರಾಜ್ಯದಲ್ಲಿ ಎಲ್ಲವೂ ನಡೆಯುತ್ತದೆ. ಒಂದರಲ್ಲಿ ಅರ್ಧ ನಡೆಯುತ್ತದೆ. ಒಂದರಲ್ಲಿ ಬೋಲ್ಟ್ ಆ್ಯಕ್ಷನ್ ರೈಫಲ್ ಬಿಟ್ಟು ಉಳಿದದ್ದೆಲ್ಲ ಜೈಲಿನ ಮಾತು.

ಇದೇ ಪ್ರಶ್ನೆ ನ್ಯೂಜೆರ್ಸಿಗೆ ಹೋಗುವವರಿಂದ, ಶಿಕಾಗೋಗೆ ಹೋಗುವವರಿಂದಲೂ ಬಂದಿದೆ. ಅದಕ್ಕೇ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ನಮ್ಮವರು ಎಡವುವುದು ಎಲ್ಲಿ ಅಂತ ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಆಯುಧ ಕಾಯ್ದೆ ಇಡೀ ದೇಶಕ್ಕೆ ಒಂದೇ, 1959ರದ್ದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸಿಕ್ಕಿರುವ ಲೈಸನ್ಸ್ ವಿನಾಯಿತಿಯನ್ನೂ ಕೊಟ್ಟಿರುವುದು ಕೇಂದ್ರ ಸರ್ಕಾರವೇ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. ಹಾಗಾಗಿ ದೆಹಲಿ ಸರಿ ಅಂದರೆ ಸರಿ ಎಂಬುದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಎರಡು ಬಾಗಿಲು. ವಾಷಿಂಗ್ಟನ್ ಡಿ.ಸಿ.ಯ ಫೆಡರಲ್ ಕಾನೂನು ಒಂದು, ನೀವಿರುವ ರಾಜ್ಯದ ಕಾನೂನು ಇನ್ನೊಂದು. ಎರಡೂ ತೆರೆದಿರಬೇಕು. ಫೆಡರಲ್ ಮುದ್ರೆ ಬಿದ್ದ ಕಾಗದ ತೋರಿಸಿದರೂ ಕ್ಯಾಲಿಫೋರ್ನಿಯಾ ಪೊಲೀಸರು ಬಿಡುವುದಿಲ್ಲ. ರಾಜ್ಯ ಸರಿ ಅಂದಮೇಲೂ ಫೆಡರಲ್ ಸರ್ಕಾರ ಬಿಡುವುದಿಲ್ಲ.

ಈ ಎರಡನೆಯ ಮಾತನ್ನು ಹಲವರು ನಂಬುವುದಿಲ್ಲ. ಒಂದು ನಿಜ ಪ್ರಕರಣ ಕೇಳಿ. 2013ರಲ್ಲಿ ಕಾನ್ಸಾಸ್ ರಾಜ್ಯ ಒಂದು ಕಾನೂನು ಮಾಡಿತು. ನಮ್ಮ ರಾಜ್ಯದಲ್ಲೇ ತಯಾರಾಗಿ ನಮ್ಮ ರಾಜ್ಯದಲ್ಲೇ ಉಳಿಯುವ ಕೋವಿ, ಬಿಡಿಭಾಗಗಳಿಗೆ ಫೆಡರಲ್ ನಿಯಮ ಅನ್ವಯಿಸುವುದಿಲ್ಲ ಅಂದಿತು. ಅದನ್ನು ನಂಬಿ ಒಬ್ಬರು ಸಪ್ರೆಸರ್ ತಯಾರಿಸಿ ಮಾರಿದರು, ಇನ್ನೊಬ್ಬರು ಕೊಂಡರು. ಇಬ್ಬರಿಗೂ ಫೆಡರಲ್ ಕೋರ್ಟ್‌ನಲ್ಲಿ ಶಿಕ್ಷೆಯಾಯಿತು. 2018ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2021ರಲ್ಲಿ ಟೆಕ್ಸಸ್ ಕೂಡ ಇದೇ ತರಹದ ಕಾನೂನು ತಂದಿದೆ. ಅದನ್ನು ನಂಬಿಕೊಂಡು ನೋಂದಣಿ ಬಿಡಬೇಡಿ.

ಯಾವುದಕ್ಕೆ ವಿಶೇಷ ನಿಯಮ

1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್, ಎಲ್ಲರ ಬಾಯಲ್ಲಿ ಎನ್‌ಎಫ್‌ಎ. ಆಗ ಶಿಕಾಗೋದಂಥ ಊರುಗಳಲ್ಲಿ ಗ್ಯಾಂಗ್‌ಗಳು ಟಾಮಿ ಗನ್ ಎಂಬ ಮೆಷಿನ್ ಗನ್ ಹಿಡಿದು ಬೀದಿಯಲ್ಲಿ ಕೊಲ್ಲುತ್ತಿದ್ದ ಕಾಲ. ಸರ್ಕಾರ ಕೆಲವು ಆಯುಧಗಳನ್ನು ಪೂರ್ತಿ ನಿಷೇಧಿಸಲಿಲ್ಲ. ನೋಂದಣಿ ಮಾಡಿಸಿ, 200 ಡಾಲರ್ ತೆರಿಗೆ ಕಟ್ಟಿ ಅಂದಿತು. ಆಗಿನ 200 ಡಾಲರ್ ಅಂದರೆ ಕೋವಿಯ ಬೆಲೆಯಷ್ಟೇ ದೊಡ್ಡ ಮೊತ್ತ.

ಆ ಪಟ್ಟಿಯಲ್ಲಿ ಇರುವುದು ಮುಖ್ಯವಾಗಿ ಇವು: ಮೆಷಿನ್ ಗನ್, ಸಪ್ರೆಸರ್ (ಕಾನೂನಿನಲ್ಲಿ ಸೈಲೆನ್ಸರ್ ಅಂತಲೇ ಇದೆ), 16 ಇಂಚಿಗಿಂತ ಗಿಡ್ಡ ಬ್ಯಾರಲ್ ಇರುವ ರೈಫಲ್, 18 ಇಂಚಿಗಿಂತ ಗಿಡ್ಡ ಬ್ಯಾರಲ್ ಇರುವ ಶಾಟ್‌ಗನ್, ಗ್ರೆನೇಡ್ ತರಹದ ವಿನಾಶಕ ಸಾಧನಗಳು. 1986ರ ಮೇ 19ರ ನಂತರ ತಯಾರಾದ ಮೆಷಿನ್ ಗನ್ ಸಾಮಾನ್ಯ ಜನರಿಗೆ ಸಿಗುವುದಿಲ್ಲ. ಅದಕ್ಕಿಂತ ಹಳೆಯವು ಹತ್ತಾರು ಸಾವಿರ ಡಾಲರ್. ಅದನ್ನು ಇಲ್ಲಿಗೇ ಬಿಡೋಣ.

ಆ 200 ಡಾಲರ್ ತೆರಿಗೆ ಸುಮಾರು ತೊಂಬತ್ತು ವರ್ಷ ಹಾಗೇ ಇತ್ತು. 2025ರ ಜುಲೈ 4ರಂದು ಸಹಿ ಬಿದ್ದ ದೊಡ್ಡ ಬಜೆಟ್ ಕಾನೂನಿನಿಂದ, 2026ರ ಜನವರಿ 1ರಿಂದ ಸಪ್ರೆಸರ್ ಮತ್ತು ಗಿಡ್ಡ ಬ್ಯಾರಲ್ ಕೋವಿಗಳಿಗೆ ಅದು ಸೊನ್ನೆಯಾಗಿದೆ. ಮೆಷಿನ್ ಗನ್ ಮತ್ತು ವಿನಾಶಕ ಸಾಧನಗಳಿಗೆ ಹಾಗೇ ಇದೆ. ತುಂಬ ಜನ ಇದನ್ನು ತಪ್ಪು ತಿಳಿದಿದ್ದಾರೆ. ಹೋಗಿರುವುದು ತೆರಿಗೆ ಮಾತ್ರ. ಅರ್ಜಿ, ಬೆರಳಚ್ಚು, ಫೋಟೋ, ನೋಂದಣಿ, ಎಟಿಎಫ್ (ಕೋವಿ ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ) ಒಪ್ಪಿಗೆಗೆ ಕಾಯುವುದು ಎಲ್ಲ ಮೊದಲಿನಂತೆಯೇ. ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ 10 ವರ್ಷದವರೆಗೆ ಜೈಲು.

ಮ್ಯಾಗಜೀನ್, ಬಂಪ್ ಸ್ಟಾಕ್ (ಅರೆಸ್ವಯಂಚಾಲಿತ ರೈಫಲ್‌ನಿಂದ ಸರಸರನೆ ಗುಂಡು ಹಾರಿಸಲು ಜೋಡಿಸುವ ಹಿಂಭಾಗದ ಹಿಡಿ), ಥ್ರೆಡ್ ಇರುವ ಬ್ಯಾರಲ್ ಇವು ಎನ್‌ಎಫ್‌ಎ ಪಟ್ಟಿಯಲ್ಲಿ ಇಲ್ಲ. ಆದರೆ ರಾಜ್ಯಗಳ ಪಟ್ಟಿಯಲ್ಲಿ ಇವೆ. 2017ರ ಅಕ್ಟೋಬರ್ 1ರ ಲಾಸ್ ವೇಗಸ್ ಹತ್ಯಾಕಾಂಡದ ನಂತರ ಬಂಪ್ ಸ್ಟಾಕನ್ನು ಫೆಡರಲ್ ಸರ್ಕಾರ ಮೆಷಿನ್ ಗನ್ ಸಾಲಿಗೆ ಸೇರಿಸಿತ್ತು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಆದರೆ ಹಲವು ರಾಜ್ಯಗಳ ಸ್ವಂತ ನಿಷೇಧ ಇಂದಿಗೂ ಇದೆ. ಸುದ್ದಿ ಓದಿ ಸುಮ್ನೆ ಒಂದು ಆರ್ಡರ್ ಮಾಡಿದರೆ ಕಷ್ಟ ನಿಮಗೇ.

ರಾಜ್ಯ ಆಮೇಲೆ, ಮೊದಲು ನಿಮ್ಮ ವೀಸಾ

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಎಚ್-1ಬಿ, ಎಲ್-1, ಎಫ್-1, ಎಚ್-4, ಬಿ-2. ಇವೆಲ್ಲ ವಲಸೆಯೇತರ ವೀಸಾಗಳು. ಇವುಗಳಲ್ಲಿ ಬಂದವರು ಕೋವಿಯನ್ನಾಗಲಿ, ಒಂದೇ ಒಂದು ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಟೆಕ್ಸಸ್ ಆದರೂ ಅಷ್ಟೇ, ನ್ಯೂಜೆರ್ಸಿ ಆದರೂ ಅಷ್ಟೇ. ಚಾಲ್ತಿಯಲ್ಲಿರುವ ಬೇಟೆ ಲೈಸನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅದು ಇಲ್ಲದೆ ವೀಕೆಂಡ್‌ನಲ್ಲಿ ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಕೋವಿ ಹಿಡಿಯುವುದೂ ತಪ್ಪೇ. ಆ ಫೋಟೋಗಳನ್ನು ಹಾಕಿಕೊಳ್ಳುವ ನಮ್ಮ ಹುಡುಗರನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಪ್ರೆಸರ್ ಬರೀ ಲೋಹದ ಕೊಳವೆ ಅಲ್ವಾ ಅನ್ನಬೇಡಿ. ಫೆಡರಲ್ ಕಾನೂನಿನಲ್ಲಿ ಅದೊಂದೇ ಇದ್ದರೂ 'ಕೋವಿ' ಅಂತಲೇ ಲೆಕ್ಕ.

ಗ್ರೀನ್ ಕಾರ್ಡ್ ಇದ್ದವರು ಇಟ್ಟುಕೊಳ್ಳಬಹುದು. ಆದರೆ ಅವರ ತಲೆಯ ಮೇಲೂ ಒಂದು ಕತ್ತಿ ಇದೆ. ಕೋವಿ ಕಾನೂನು ಮೀರಿದ್ದಕ್ಕೆ ಶಿಕ್ಷೆಯಾದರೆ ಅದು ಗಡೀಪಾರಿಗೆ ಕಾರಣ ಎಂದು ವಲಸೆ ಕಾನೂನಿನಲ್ಲೇ ಇದೆ. ಅಮೆರಿಕದ ಪ್ರಜೆ ದಂಡ ಕಟ್ಟಿಯೋ ಪ್ರೊಬೇಷನ್‌ನಲ್ಲೋ ಮುಗಿಸಿಕೊಳ್ಳಬಹುದಾದ ತಪ್ಪಿಗೆ ನೀವು ಹತ್ತು-ಹದಿನೈದು ವರ್ಷ ಕಟ್ಟಿದ ಬದುಕನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಗ್ರೀನ್ ಕಾರ್ಡ್‌ನವರು ಅನುಮಾನ ಇದ್ದ ಕಡೆಯೆಲ್ಲ ಬೇಡ ಅನ್ನುವ ಉತ್ತರವನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಾಂಜಾ ವಿಷಯವೂ ಇಲ್ಲೇ ಬರುತ್ತದೆ. ರಾಜ್ಯದಲ್ಲಿ ಅದು ಕಾನೂನುಬದ್ಧ ಇದ್ದರೂ ಸೇದುವವರು ಕೋವಿ ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನಿನಲ್ಲಿದೆ.

ವೀಸಾ ದಾಟಿದ ಮೇಲೆ ರಾಜ್ಯಗಳನ್ನು ನಾನು ಅಳೆಯುವುದು ಕೆಲವೇ ಪ್ರಶ್ನೆಗಳಿಂದ. ಈ ವಸ್ತುವನ್ನು ಅಲ್ಲಿ ಇಟ್ಟುಕೊಳ್ಳಬಹುದೇ? ಹೊರಗಿನಿಂದ ತರಬಹುದೇ? ಇಟ್ಟುಕೊಳ್ಳುವುದಕ್ಕೂ ತರುವುದಕ್ಕೂ ವ್ಯತ್ಯಾಸ ಇದೆ, ಅದನ್ನು ವಾಷಿಂಗ್ಟನ್ ರಾಜ್ಯದ ಮಾತು ಬಂದಾಗ ನೋಡಿ. ಬಿಡಿಭಾಗಗಳಿಗೆ ಬೇರೆ ನಿಯಮ ಇದೆಯೇ? ಹೋದಮೇಲೆ ಎಷ್ಟು ದಿನದಲ್ಲಿ ಏನು ತಿಳಿಸಬೇಕು? ಅಲ್ಲಿ ಎಷ್ಟು ವರ್ಷ ಇರುತ್ತೀರಿ? ಸಪ್ರೆಸರ್ ಒಂದಕ್ಕೆ ಸುಮಾರು 300 ಡಾಲರ್‌ನಿಂದ 1,000 ದಾಟಿ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ರಾಜ್ಯ ಬದಲಿಸುವವರಿಗೆ ಆ ಹಣ ಹೊರೆಯಾಗುತ್ತದೆ.

ಟೆಕ್ಸಸ್ ಮತ್ತು ನಾರ್ತ್ ಕ್ಯಾರೊಲೈನಾ

ಟೆಕ್ಸಸ್‌ನಲ್ಲಿ ಸಪ್ರೆಸರ್ ಸರಿ, ಅದನ್ನು ಹಾಕಿಕೊಂಡು ಬೇಟೆಯೂ ಸರಿ. ಮ್ಯಾಗಜೀನ್‌ಗೆ ಮಿತಿ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ಗಿಡ್ಡ ಬ್ಯಾರಲ್ ಕೋವಿಗಳನ್ನು ರಾಜ್ಯದ ನಿಷೇಧ ಪಟ್ಟಿಯಿಂದಲೇ ತೆಗೆದುಹಾಕಿದ್ದಾರೆ. ಫೆಡರಲ್ ನೋಂದಣಿ ಮಾತ್ರ ಬೇಕೇ ಬೇಕು.

ಬೇಟೆಯ ಮಾತು ಬಂದದ್ದಕ್ಕೆ ಒಂದು ಮಾತು. ಸಪ್ರೆಸರ್ ಅಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ 'ಪುಸ್' ಅಂತ ಸದ್ದು ಬರುವುದಿಲ್ಲ. ರೈಫಲ್ ಸದ್ದು 160 ಡೆಸಿಬೆಲ್ ಮುಟ್ಟುತ್ತದೆ. 140 ದಾಟಿದ ಒಂದೇ ಸದ್ದಿಗೆ ಕಿವಿಗೆ ಪೆಟ್ಟಾಗಬಹುದು. ಒಳ್ಳೆಯ ಸಪ್ರೆಸರ್ 20ರಿಂದ 35 ಡೆಸಿಬೆಲ್ ಇಳಿಸುತ್ತದೆ. ಆಮೇಲೂ ಜೋರಾಗಿಯೇ ಇರುತ್ತದೆ, ಕಿವಿಗೆ ಕವಚ ಹಾಕುವುದು ಒಳ್ಳೆಯದು. ಆದರೆ ಬೇಟೆಯಲ್ಲಿ ಜೊತೆಗಾರರ ಮಾತು ಕೇಳಿಸಬೇಕು, ಕವಚ ಹಾಕಿ ಕೂರಲು ಆಗುವುದಿಲ್ಲ. ಅಂಥವರಿಗೆ ಇದು ಕಿವಿ ಉಳಿಸುವ ಸಾಧನ. ನಾನು ಸಪ್ರೆಸರ್ ಪರ ಇರುವುದು ಈ ಒಂದು ಕಾರಣಕ್ಕೆ. ರೇಂಜ್‌ಗೆ ಮಾತ್ರ ಹೋಗುವವರಿಗೆ 50-60 ಡಾಲರ್‌ನ ಕಿವಿಕವಚ ಸಾಕು.

ನಾರ್ತ್ ಕ್ಯಾರೊಲೈನಾದ ಕಥೆಯೂ ಹೆಚ್ಚುಕಮ್ಮಿ ಹೀಗೆಯೇ. ಫೆಡರಲ್ ನೋಂದಣಿ ಇದ್ದರೆ ಸಪ್ರೆಸರ್, ಗಿಡ್ಡ ಬ್ಯಾರಲ್ ರೈಫಲ್ ಎರಡೂ ಸರಿ. ಮ್ಯಾಗಜೀನ್ ಮಿತಿ ಇಲ್ಲ. ಪಿಸ್ತೂಲು ಕೊಳ್ಳಲು ಶೆರಿಫ್ ಕೊಡುವ ಪರ್ಮಿಟ್ ಬೇಕಿತ್ತು, 2023ರ ಮಾರ್ಚ್‌ನಲ್ಲಿ ಅದನ್ನೂ ತೆಗೆದರು. ನಮ್ಮವರು ಜಾಸ್ತಿ ಇರುವ ಜಾರ್ಜಿಯಾದಲ್ಲೂ ನೋಂದಣಿ ಇದ್ದರೆ ಇವೆರಡಕ್ಕೂ ತೊಂದರೆ ಇಲ್ಲ.

ವಾಷಿಂಗ್ಟನ್ ರಾಜ್ಯ: ಎಲ್ಲರೂ ಮೋಸ ಹೋಗುವ ಜಾಗ

ಸಿಯಾಟಲ್ ಕಡೆಗೆ ಹೋಗುವವರು ಇದನ್ನು ಎರಡು ಸಲ ಓದಿ. ಇಲ್ಲಿ ಸಪ್ರೆಸರ್ ಕಾನೂನುಬದ್ಧ. 2011ರಲ್ಲಿ ಬಳಕೆಗೂ ಒಪ್ಪಿಗೆ ಕೊಟ್ಟರು. ನೋಂದಣಿಯಾದ ಗಿಡ್ಡ ಬ್ಯಾರಲ್ ರೈಫಲ್‌ಗೆ 2014ರಲ್ಲಿ ಬಾಗಿಲು ತೆರೆದರು. ಇಂಟರ್ನೆಟ್‌ನಲ್ಲಿ ರಾಜ್ಯಗಳ ನಕ್ಷೆ ನೋಡಿದರೆ ವಾಷಿಂಗ್ಟನ್‌ಗೆ ಹಸಿರು ಬಣ್ಣ ಹಚ್ಚಿರುತ್ತಾರೆ. ಗೆಳೆಯರೂ ಆ ನಕ್ಷೆ ನೋಡಿಯೇ ನಿಶ್ಚಿಂತೆಯಾಗಿದ್ದರು.

ಆದರೆ 2022ರ ಜುಲೈ 1ರಿಂದ 10 ಗುಂಡಿಗಿಂತ ಹೆಚ್ಚು ಹಿಡಿಯುವ ಮ್ಯಾಗಜೀನ್ ಮಾರುವುದು, ರಾಜ್ಯದೊಳಗೆ ತರುವುದು ನಿಷೇಧ. 2023ರ ಏಪ್ರಿಲ್‌ನಲ್ಲಿ 'ಅಸಾಲ್ಟ್ ವೆಪನ್' (ಸೈನ್ಯದ ಮಾದರಿಯ ಅರೆಸ್ವಯಂಚಾಲಿತ ಕೋವಿಗಳಿಗೆ ಕಾನೂನು ಇಟ್ಟ ಹೆಸರು) ನಿಷೇಧ ಬಂತು. ಎಆರ್-15 ಹೆಸರು ಹಿಡಿದೇ ಪಟ್ಟಿಯಲ್ಲಿದೆ. ಆಗಲೇ ರಾಜ್ಯದಲ್ಲಿ ಇಟ್ಟುಕೊಂಡಿದ್ದವರು ಇಟ್ಟುಕೊಳ್ಳಬಹುದು. ಹೊರಗಿನಿಂದ ತರುವಂತಿಲ್ಲ. 'ತರುವುದು' ಎಂಬುದಕ್ಕೆ ಕಾನೂನು ಕೊಟ್ಟಿರುವ ಅರ್ಥದಲ್ಲಿ ವ್ಯಾಪಾರಿಯ ಕಂಟೇನರ್ ಮಾತ್ರ ಬರುವುದಿಲ್ಲ. ರಾಜ್ಯದ ಗಡಿಯಾಚೆಯಿಂದ ಒಳಗೆ ಸಾಗಿಸುವುದೆಲ್ಲ ಬರುತ್ತದೆ. ಅಂದರೆ ನಿಮ್ಮ ಮನೆ ಸಾಮಾನಿನ ಟ್ರಕ್ಕೂ ಬಂತು.

ಹೀಗಾಗಿ ಗೆಳೆಯರ ಲೆಕ್ಕ ಹೀಗಾಯಿತು. ಬೋಲ್ಟ್ ಆ್ಯಕ್ಷನ್ ರೈಫಲ್ ಮತ್ತು ಸಪ್ರೆಸರ್ ತರಬಹುದು. ಗಿಡ್ಡ ಬ್ಯಾರಲ್ ಎಆರ್-15 ತರುವಂತಿಲ್ಲ. ಅದಕ್ಕೆ 16 ಇಂಚಿನ ಬ್ಯಾರಲ್ ಹಾಕಿದರೂ ಉಪಯೋಗ ಇಲ್ಲ, ಏಕೆಂದರೆ ಅದು ಆಗಲೂ ಎಆರ್-15 ಆಗಿಯೇ ಉಳಿಯುತ್ತದೆ. ಮ್ಯಾಗಜೀನ್ ತರುವಂತಿಲ್ಲ. ಕೊನೆಗೆ ಪಿಸ್ತೂಲು. ಬಿಚ್ಚಿ ಹಾಕುವ ಮ್ಯಾಗಜೀನ್ ಇರುವ ಅರೆಸ್ವಯಂಚಾಲಿತ ಪಿಸ್ತೂಲಿನ ಬ್ಯಾರಲ್‌ಗೆ ಥ್ರೆಡ್ ಇದ್ದರೆ ಅದೂ ಅಸಾಲ್ಟ್ ವೆಪನ್. ಸಪ್ರೆಸರ್ ಸರಿ ಅನ್ನುವ ರಾಜ್ಯದಲ್ಲೇ ಸಪ್ರೆಸರ್ ಸಿಕ್ಕಿಸುವ ಪಿಸ್ತೂಲು ತರುವಂತಿಲ್ಲ! ಥ್ರೆಡ್ ಇಲ್ಲದ ಬ್ಯಾರಲ್ ಹಾಕಿಸಿ, 10 ಗುಂಡಿನ ಮ್ಯಾಗಜೀನ್ ಜೊತೆ ತಂದರೆ ಮಾತ್ರ ಸರಿಹೋಗುತ್ತದೆ.

2027ರ ಮೇ ತಿಂಗಳಿಂದ ಇಲ್ಲಿ ಹೊಸ ಕೋವಿ ಕೊಳ್ಳಲು ಪರ್ಮಿಟ್ ಕೂಡ ಬೇಕಾಗುತ್ತದೆ. ಕಾನೂನು ಬಿಗಿಯಾಗುತ್ತಾ ಹೋಗುತ್ತಿರುವ ರಾಜ್ಯ ಇದು ಅಂತ ಗಮನದಲ್ಲಿಡಿ.

ಕ್ಯಾಲಿಫೋರ್ನಿಯಾ

ಇಲ್ಲಿ ಗೊಂದಲ ಕಡಿಮೆ. ಸಪ್ರೆಸರ್ ಇಲ್ಲ. ಗಿಡ್ಡ ಬ್ಯಾರಲ್ ರೈಫಲ್ ಇಲ್ಲ. 1989ರ ಜನವರಿಯಲ್ಲಿ ಸ್ಟಾಕ್ಟನ್ ಊರಿನ ಶಾಲೆಯ ಅಂಗಳದಲ್ಲಿ ಮಕ್ಕಳ ಮೇಲೆ ಗುಂಡು ಹಾರಿದ ಮೇಲೆ ದೇಶದಲ್ಲೇ ಮೊದಲು ಅಸಾಲ್ಟ್ ವೆಪನ್ ನಿಷೇಧ ತಂದ ರಾಜ್ಯ ಇದು. 10 ಗುಂಡಿಗಿಂತ ಹೆಚ್ಚಿನ ಮ್ಯಾಗಜೀನ್ ತರುವುದು 2000ರಿಂದಲೇ ನಿಷೇಧ. ಅದರ ವಿರುದ್ಧದ ಕೇಸು ವರ್ಷಗಟ್ಟಲೆ ನಡೆದು, 2025ರ ಮಾರ್ಚ್‌ನಲ್ಲಿ ನೈಂತ್ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ಕೋರ್ಟ್‌ನ ದೊಡ್ಡ ಪೀಠ ನಿಷೇಧವನ್ನೇ ಎತ್ತಿಹಿಡಿಯಿತು. ಥ್ರೆಡ್ ಇರುವ ಪಿಸ್ತೂಲಿನ ತೊಂದರೆ ಇಲ್ಲೂ ಇದೆ. ಸಪ್ರೆಸರನ್ನು ಟೆಕ್ಸಸ್‌ನಲ್ಲೇ ಬಿಟ್ಟು ಬಂದೆ ಅಂದುಕೊಂಡವರು ಈ ಪಿಸ್ತೂಲಿನಿಂದ ಸಿಕ್ಕಿಬೀಳಬಹುದು.

ಹಾಗಂತ ಕ್ಯಾಲಿಫೋರ್ನಿಯಾದಲ್ಲಿ ಕೋವಿಯೇ ಇಲ್ಲ ಅಂತಲ್ಲ. ಬೋಲ್ಟ್ ಆ್ಯಕ್ಷನ್ ರೈಫಲ್, ಮಾಮೂಲಿ ಶಾಟ್‌ಗನ್, ಥ್ರೆಡ್ ಇಲ್ಲದ ಪಿಸ್ತೂಲು ತರಬಹುದು. ಬಂದ 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ಹೊಸ ನಿವಾಸಿಯ ವರದಿ ಕೊಡಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ. ಮನೆ ಹುಡುಕಾಟ, ಮಕ್ಕಳ ಅಡ್ಮಿಷನ್ ನಡುವೆ ಇದು ಮರೆತೇ ಹೋಗುತ್ತದೆ, ಬಂದ ವಾರವೇ ಮಾಡಿಬಿಡಿ.

ನ್ಯೂಜೆರ್ಸಿ ಮತ್ತು ಇಲಿನಾಯ್

ಎಡಿಸನ್, ಪಾರ್ಸಿಪನಿ ಕಡೆ ನಮ್ಮ ಜನ ತುಂಬ. ಆದರೆ ಈ ಹೋಲಿಕೆಯಲ್ಲಿ ಅತ್ಯಂತ ಕಠಿಣ ರಾಜ್ಯ ನ್ಯೂಜೆರ್ಸಿಯೇ. ಸಪ್ರೆಸರ್ ಇಲ್ಲ, ಗಿಡ್ಡ ಬ್ಯಾರಲ್ ಇಲ್ಲ, ಅಸಾಲ್ಟ್ ವೆಪನ್ ಇಲ್ಲ. ಮ್ಯಾಗಜೀನ್ ಮಿತಿ 15 ಇದ್ದದ್ದನ್ನು 2018ರಲ್ಲಿ 10ಕ್ಕೆ ಇಳಿಸಿದರು. ಮೂತಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡುಗಳನ್ನು ಮನೆ, ರೇಂಜ್, ಬೇಟೆಯಂಥ ಕೆಲವು ಸಂದರ್ಭ ಬಿಟ್ಟರೆ ಇಟ್ಟುಕೊಳ್ಳುವಂತಿಲ್ಲ. ಏರ್ ಗನ್ ಕೂಡ ಇಲ್ಲಿ ಕಾನೂನಿನ ಪ್ರಕಾರ ಕೋವಿಯೇ. ಊರಲ್ಲಿ ಹಕ್ಕಿ ಓಡಿಸಲು ಇಟ್ಟುಕೊಳ್ಳುವ ಏರ್ ಗನ್ ಲೆಕ್ಕದಲ್ಲಿ, ಟೆಕ್ಸಸ್‌ನ ಅಂಗಡಿಯಲ್ಲಿ ಮಗನಿಗೆ ಕೊಡಿಸಿದ ಛರೆ ಹಾರಿಸುವ ಏರ್ ಗನ್ ತಂದರೆ ಅದಕ್ಕೂ ಕೋವಿ ಇಟ್ಟುಕೊಳ್ಳುವವರಿಗೆ ರಾಜ್ಯ ಕೊಡುವ ಗುರುತಿನ ಕಾರ್ಡ್ ಬೇಕು. ಪರ್ಮಿಟ್ ಇಲ್ಲದೆ ಪಿಸ್ತೂಲು ಹೊತ್ತು ಸಿಕ್ಕಿಬಿದ್ದರೆ ಕನಿಷ್ಠ ಮೂರೂವರೆ ವರ್ಷ ಪೆರೋಲ್ ಇಲ್ಲದ ಜೈಲು ಎಂದು ಕಾನೂನಿನಲ್ಲಿದೆ.

ಈ ರಾಜ್ಯದ ಮೂಲಕ ಹಾದುಹೋಗುವುದೂ ಅಪಾಯವೇ. 2005ರಲ್ಲಿ ಯೂಟಾ ರಾಜ್ಯದ ಒಬ್ಬರು ನ್ಯೂಆರ್ಕ್ ವಿಮಾನ ನಿಲ್ದಾಣದ ಮೂಲಕ ಪೆನ್ಸಿಲ್ವೇನಿಯಾಗೆ ಹೊರಟಿದ್ದರು. ಚೆಕ್-ಇನ್ ಬ್ಯಾಗಿನಲ್ಲಿ ನಿಯಮದಂತೆ ಬೀಗ ಹಾಕಿದ ಪಿಸ್ತೂಲು ಇತ್ತು. ಮುಂದಿನ ವಿಮಾನ ತಪ್ಪಿತು. ಬ್ಯಾಗು ಕೈಗೆ ಬಂತು. ರಾತ್ರಿ ಹೋಟೆಲ್‌ನಲ್ಲಿ ಉಳಿದರು. ಬೆಳಿಗ್ಗೆ ಚೆಕ್-ಇನ್ ಮಾಡುವಾಗ ಪಿಸ್ತೂಲು ಇದೆ ಎಂದು ತಾವೇ ಹೇಳಿದರು. ಬಂಧಿಸಿದರು, ಹಲವು ದಿನ ಜೈಲಿನಲ್ಲಿ ಇರಬೇಕಾಯಿತು. ಕೇಸು ಆಮೇಲೆ ಕೈಬಿಟ್ಟರು. ಅವರು ಪರಿಹಾರ ಕೇಳಿ ಹಾಕಿದ ದಾವೆ 2010ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್‌ನಲ್ಲಿ ಸೋತಿತು. ಪ್ರಯಾಣದಲ್ಲಿ ರಕ್ಷಣೆ ಕೊಡುವ ಫೆಡರಲ್ ಕಾನೂನು ಕೋವಿ ಕೈಗೆ ಸಿಗದಂತೆ ಇದ್ದಾಗ ಮಾತ್ರ ಅನ್ವಯ, ರಾತ್ರಿ ಹೋಟೆಲ್‌ನಲ್ಲಿ ಅದು ಅವರ ಕೈಗೆ ಸಿಗುವಂತಿತ್ತು ಎಂದಿತು ಕೋರ್ಟ್. ಮಾಮೂಲಿ ಪಿಸ್ತೂಲಿಗೇ ಹೀಗಾದರೆ ಸಪ್ರೆಸರ್ ಹೊತ್ತವರ ಗತಿ ಏನು? ಡ್ರೈವ್ ಮಾಡುವುದಾದರೆ ಸುತ್ತು ಹಾಕಿ ಹೋಗಿ. ವಿಮಾನವಾದರೆ ನ್ಯೂಆರ್ಕ್ ಮತ್ತು ನ್ಯೂಯಾರ್ಕ್ ನಿಲ್ದಾಣಗಳಲ್ಲಿ ಇಳಿದು ಹತ್ತುವ ಟಿಕೆಟ್ ತೆಗೆಯಬೇಡಿ, ನೂರು ಡಾಲರ್ ಜಾಸ್ತಿಯಾದರೂ ಸರಿ.

ಇಲಿನಾಯ್‌ನಲ್ಲೂ ಸಪ್ರೆಸರ್ ಇಲ್ಲ. ತೋಟಾ ಇಟ್ಟುಕೊಳ್ಳಲೂ ಫಾಯ್ಡ್ ಎಂಬ ರಾಜ್ಯದ ಕಾರ್ಡ್ ಬೇಕು. ಹೈಲ್ಯಾಂಡ್ ಪಾರ್ಕ್‌ನ ಜುಲೈ 4ರ ಮೆರವಣಿಗೆಯ ಹತ್ಯಾಕಾಂಡದ ನಂತರ, 2023ರ ಜನವರಿ 10ರಂದು ಅಸಾಲ್ಟ್ ವೆಪನ್ ನಿಷೇಧ ಬಂದಿದೆ. ಸಪ್ರೆಸರ್ ಇಲ್ಲದ ಉಳಿದ ರಾಜ್ಯಗಳು ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಡೆಲವೇರ್, ಹವಾಯಿ. ಕನೆಕ್ಟಿಕಟ್‌ನಲ್ಲಿ ಇಟ್ಟುಕೊಳ್ಳಬಹುದು, ಬೇಟೆಗೆ ಬಳಸುವಂತಿಲ್ಲ.

ಸೇಫ್‌ನಲ್ಲಿ ಇರುವುದನ್ನು ಏನು ಮಾಡುವುದು

ಹೋಗುವ ರಾಜ್ಯ ಬೇಡ ಅಂದರೆ ಮೂರು ದಾರಿ ಇವೆ.

ಒಂದು, ಹಳೆಯ ರಾಜ್ಯದಲ್ಲೇ ಬಿಡುವುದು. ಇದು ಹಲವರಿಗೆ ಗೊತ್ತಿಲ್ಲ. ನೋಂದಣಿಯಾದ ವಸ್ತುವನ್ನು ಹಳೆಯ ರಾಜ್ಯದ ಬ್ಯಾಂಕ್ ಲಾಕರ್‌ನಲ್ಲಿ ಇಡಬಹುದು ಎಂದು ಎಟಿಎಫ್ ತಾನೇ ಹೇಳಿದೆ. ಗೆಳೆಯರ ಮನೆಯಲ್ಲೂ ಬಿಡಬಹುದು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಬೇಕು, ಕೀಲಿ ನಿಮ್ಮ ಒಬ್ಬರ ಹತ್ತಿರವೇ ಇರಬೇಕು. ನೋಂದಣಿ ಕಾಗದದ ಪ್ರತಿ ಮತ್ತು ಇಡಲು ಒಪ್ಪಿಗೆ ಕೊಟ್ಟ ಪತ್ರವನ್ನು ಆ ಗೆಳೆಯರಿಗೆ ಕೊಟ್ಟಿರಬೇಕು. ಎರಡು-ಮೂರು ವರ್ಷದಲ್ಲಿ ವಾಪಸ್ ಬರುವ ಯೋಚನೆ ಇರುವವರಿಗೆ ಇದು ಕಡಿಮೆ ಖರ್ಚಿನ ದಾರಿ. ಆದರೆ ಆ ಗೆಳೆಯರು ಎಚ್-1ಬಿಯಲ್ಲಿ ಇದ್ದರೆ ಕೇಳಲೂ ಬೇಡಿ. ಬೀಗ ಇದ್ದರೂ ಅವರ ಮನೆಯಲ್ಲಿ ಇಡುವುದು ಅವರ ಬದುಕಿನ ಜೊತೆ ಆಡಿದ ಹಾಗೆ.

ಎರಡು, ಮಾರುವುದು. ಪಕ್ಕದ ಮನೆಯವರಿಗೆ ಕೈಯಿಂದ ಕೈಗೆ ಕೊಡುವಂತಿಲ್ಲ. ಎಟಿಎಫ್ ಒಪ್ಪಿಗೆ ಬಂದಮೇಲೇ ವಸ್ತು ಕೈ ಬದಲಾಗಬೇಕು. ಹಳೆಯ ಸಪ್ರೆಸರ್‌ಗೆ ಬೆಲೆ ತುಂಬ ಬೀಳುತ್ತದೆ. ತೆರಿಗೆ ಸೊನ್ನೆಯಾದ ಮೇಲೆ ಹೊಸದನ್ನೇ ಕೊಳ್ಳಲು ಜನ ಮುಂದಾಗುತ್ತಾರೆ. ಮಾರುವ ನಿರ್ಧಾರ ಮಾಡಿದರೆ ಮನೆ ಖಾಲಿ ಮಾಡುವ ತಿಂಗಳುಗಳ ಮೊದಲೇ ಶುರು ಮಾಡಿ.

ಮೂರು, ಎಟಿಎಫ್‌ಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು. ಹಣ ಹೋಗುತ್ತದೆ, ಚಿಂತೆಯೂ ಹೋಗುತ್ತದೆ. ಅಮೆರಿಕದಲ್ಲಿ ಉಳಿಯುವುದೇ ಖಚಿತವಿಲ್ಲದವರಿಗೆ ಇದೇ ಒಳ್ಳೆಯದು ಅನ್ನಿಸಬಹುದು.

ಇನ್ನೂ ಕೊಂಡಿಲ್ಲ, ಕೊಳ್ಳಬೇಕು ಅಂತಿರುವವರಿಗೆ ನನ್ನ ಸಲಹೆ ಇಷ್ಟು. ಮುಂದಿನ ಐದು ವರ್ಷದಲ್ಲಿ ರಾಜ್ಯ ಬದಲಿಸುವ ಸಾಧ್ಯತೆ ಇದ್ದರೆ ಗಿಡ್ಡ ಬ್ಯಾರಲ್ ರೈಫಲ್ ಬೇಡ. 42 ರಾಜ್ಯಗಳಲ್ಲಿ ಸಪ್ರೆಸರ್ ನಡೆಯುತ್ತದೆ, ರಾಜ್ಯದ ಗಡಿ ದಾಟಿಸಲು ಫೆಡರಲ್ ಅನುಮತಿಯೂ ಬೇಡ. ಗಿಡ್ಡ ಬ್ಯಾರಲ್ ಆದರೆ ಗಡಿ ದಾಟುವ ಮುನ್ನ ಎಟಿಎಫ್‌ನಿಂದ ಲಿಖಿತ ಅನುಮತಿ ಬೇಕು, ಒಂದು ವಾರದ ಬೇಟೆಗೆ ಹೋದರೂ ಸರಿ. 16 ಇಂಚಿನ ರೈಫಲ್‌ನಲ್ಲಿ ಆಗದ ಯಾವ ಕೆಲಸವನ್ನೂ ಹತ್ತೂವರೆ ಇಂಚಿನದು ನಿಮಗೆ ಮಾಡಿಕೊಡುವುದಿಲ್ಲ. ಕಡಿಮೆ ಬಜೆಟ್‌ನವರು ಬೇಟೆ ಮಾಡುವುದಾದರೆ ಒಂದು ಬೋಲ್ಟ್ ಆ್ಯಕ್ಷನ್ ರೈಫಲ್ ಕೊಂಡು ನಿಲ್ಲಿಸಿ. ಈ ಬರಹದಲ್ಲಿ ಹೆಸರಿಸಿದ ಯಾವ ರಾಜ್ಯಕ್ಕಾದರೂ ಅದನ್ನು ಆ ರಾಜ್ಯದ ಕಾರ್ಡ್, ವರದಿಗಳ ಜೊತೆ ಒಯ್ಯಬಹುದು.

ಗಂಡ ಹೆಂಡತಿ ಇಬ್ಬರೂ ಬಳಸುವುದಾದರೆ ಒಬ್ಬರ ಹೆಸರಲ್ಲಿ ನೋಂದಣಿ ಮಾಡಿಸಬೇಡಿ. ಹಾಗೆ ಮಾಡಿದರೆ ಯಜಮಾನರು ಬೆಂಗಳೂರಿಗೆ ಹೋದಾಗ ಹೆಂಡತಿಯ ಕೈಗೆ ಸೇಫ್ ಕೀಲಿ ಸಿಗುವುದೇ ತಪ್ಪಾಗಬಹುದು. ಟ್ರಸ್ಟ್ ಮಾಡಿಸಿ, ಇಬ್ಬರ ಹೆಸರನ್ನೂ ಅದಕ್ಕೆ ಸೇರಿಸಿ, ಟ್ರಸ್ಟ್ ಹೆಸರಲ್ಲೇ ನೋಂದಣಿ ಮಾಡಿಸಿ. 2016ರಿಂದ ಟ್ರಸ್ಟ್‌ನಲ್ಲಿ ಹೊಣೆ ಹೊತ್ತ ಪ್ರತಿಯೊಬ್ಬರೂ ಬೆರಳಚ್ಚು ಕೊಡಬೇಕು. ಲಾಯರ್ ಖರ್ಚು ಒಂದಿಷ್ಟು ಬರುತ್ತದೆ, ಆದರೆ ಕುಟುಂಬಕ್ಕೆ ಅದು ಸರಿಯಾದ ದಾರಿ.

ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರಲ್ಲ, ಅವರು ಬರುವುದು ಬಿ-2 ವೀಸಾದಲ್ಲಿ. ಅಪ್ಪ ನಲವತ್ತು ವರ್ಷ ತೋಟದಲ್ಲಿ ಕೋವಿ ಹಿಡಿದವರೇ ಇರಬಹುದು, ಇಲ್ಲಿ ಅವರು ಮುಟ್ಟುವಂತಿಲ್ಲ. ಅವರು ಬರುವ ಮುನ್ನ ಸೇಫ್‌ನ ಕೋಡ್ ಬದಲಿಸಿ, ಹೇಳಬೇಡಿ. ಬೇಜಾರಾಗಬಹುದು. ಕೂರಿಸಿಕೊಂಡು ಕಾರಣ ಹೇಳಿದರೆ ಅವರಿಗೂ ಅರ್ಥವಾಗುತ್ತದೆ.

ಪ್ಲೇನೋದ ಗೆಳೆಯರು ಕ್ಯಾರಿಯ ಆಫರ್ ಒಪ್ಪಿಕೊಂಡರು. ಸೇಫ್ ಒಂದೇ ಕಾರಣ ಅಲ್ಲ, ಮನೆ ಬೆಲೆಯೂ ಅಲ್ಲೇ ಕಡಿಮೆ ಇತ್ತು. ಒಂದು ಕೆಲಸ ಮಾತ್ರ ಉಳಿದಿತ್ತು. ಎಆರ್-15 ಗಿಡ್ಡ ಬ್ಯಾರಲಿನದು, ಹಾಗಾಗಿ ಟೆಕ್ಸಸ್ ಬಿಡುವ ಮುನ್ನ ಫಾರ್ಮ್ 5320.20 (ಗಡಿ ದಾಟಿಸಲು ಎಟಿಎಫ್ ಅನುಮತಿ ಕೇಳುವ ಅರ್ಜಿ) ಕಳಿಸಿ ಒಪ್ಪಿಗೆ ತರಿಸಿಕೊಳ್ಳಬೇಕು, ಅದರಲ್ಲಿ ಹೊಸ ಮನೆಯ ವಿಳಾಸ ಇರಬೇಕು. ಅವರು ಮನೆಯ ಕರಾರಿಗೆ ಸಹಿ ಹಾಕಿದ ದಿನವೇ ಫಾರ್ಮ್ ಕಳಿಸಿದರು. ಟ್ರಕ್ ಬುಕ್ ಮಾಡಿದ್ದು ಒಪ್ಪಿಗೆ ಕೈಗೆ ಬಂದ ಮೇಲೆ. ಕೋವಿಗಳನ್ನು ಟ್ರಕ್‌ಗೆ ಹಾಕಲಿಲ್ಲ. ಗುಂಡು ತೆಗೆದು, ಬೀಗದ ಪೆಟ್ಟಿಗೆಯಲ್ಲಿಟ್ಟು, ತಮ್ಮದೇ ಕಾರಿನ ಡಿಕ್ಕಿಯಲ್ಲಿ ಲೂಸಿಯಾನಾ, ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಸೌತ್ ಕ್ಯಾರೊಲೈನಾ ದಾಟಿ ಒಯ್ದರು. ಒಪ್ಪಿಗೆ ಪತ್ರದ ಪ್ರತಿ ಕಾರಿನ ಮುಂದಿನ ಖಾನೆಯಲ್ಲೇ ಇತ್ತು.